ತಿಂಗಳಿಗೆ 99 ಡಾಲರಿನ ಬೈಕು

ಅಮೆರಿಕದ ಬೈಕ್ ಶೋರೂಮುಗಳಲ್ಲಿ ಬೆಲೆಗಿಂತ ದಪ್ಪ ಅಕ್ಷರದಲ್ಲಿ ಬರೆದಿರುವುದು ತಿಂಗಳಿಗೆ ಕಟ್ಟಬೇಕಾದ ಹಣ. 'ತಿಂಗಳಿಗೆ 99 ಡಾಲರ್, ಶೇ 3.99 ಬಡ್ಡಿ, 36 ತಿಂಗಳು.' ಊರಲ್ಲಿ ಇಎಂಐ ಕಟ್ಟಿ ರೂಢಿಯಾದ ನಮ್ಮವರು ಇದನ್ನು ಓದಿದ ಕೂಡಲೇ, ಮೂರು ವರ್ಷ ಕಟ್ಟಿದರೆ ಬೈಕು ನಮ್ಮದಾಯಿತು ಎಂದುಕೊಳ್ಳುತ್ತಾರೆ. 99ನ್ನು 36ರಿಂದ ಗುಣಿಸಿದರೆ 3,564. ಏಳು ಸಾವಿರ ಡಾಲರಿನ ಬೈಕು ಅದರಲ್ಲಿ ಹೇಗೆ ತೀರುತ್ತದೆ ಎಂದು ಕೇಳುವವರು ಕಡಿಮೆ. ಹೊಸ ಬೈಕಿನ ಮುಂದೆ ನಿಂತಾಗ ಗುಣಾಕಾರ ನೆನಪಾಗುವುದು ಕಷ್ಟ.

ಈ ಕೊಡುಗೆಯ ಹಿಂದೆ ಇರುವುದು ವಾಹನ ಸಾಲವಲ್ಲ, ಕ್ರೆಡಿಟ್ ಕಾರ್ಡು. ಯಮಹಾ, ಪೊಲಾರಿಸ್‌ನಂಥ ಕಂಪನಿಗಳು ಬ್ಯಾಂಕುಗಳ ಜೊತೆ ಸೇರಿ ತಮ್ಮ ಹೆಸರಿನಲ್ಲೇ ಇಂಥ ಕಾರ್ಡು ಕೊಡುತ್ತಾ ಬಂದಿವೆ. ಮೇಲೆ ಕಾಣುವುದು ಬೈಕಿನ ಹೆಸರು, ಸಾಲ ಕೊಡುವುದು ಬ್ಯಾಂಕು. ಬ್ಯಾಂಕು ಬದಲಾಗುವುದೂ ಉಂಟು. 2012ರಲ್ಲಿ ಎಚ್‌ಎಸ್‌ಬಿಸಿಯ ಅಮೆರಿಕದ ಕಾರ್ಡ್ ವ್ಯವಹಾರವನ್ನು ಕ್ಯಾಪಿಟಲ್ ಒನ್ ಕೊಂಡುಕೊಂಡಾಗ ಇಂಥ ಕಾರ್ಡುಗಳ ಗ್ರಾಹಕರೂ ಅದರ ಜೊತೆ ಹೋದರು. ಕಡಿಮೆ ಬಡ್ಡಿಯಿಂದ ಬ್ಯಾಂಕಿಗೆ ಆಗುವ ಖೋತಾವನ್ನು ಸಾಮಾನ್ಯವಾಗಿ ಬೈಕ್ ತಯಾರಕರೇ ತುಂಬಿಕೊಡುತ್ತಾರೆ. ಸರಕು ಬೇಗ ಖಾಲಿಯಾಗಲಿ ಎಂಬುದು ಅವರ ಲೆಕ್ಕ. ಅದರಲ್ಲಿ ತಪ್ಪೇನಿಲ್ಲ. ಕೊಡುಗೆಯ ಅವಧಿ ಮುಗಿದ ದಿನದಿಂದ ಉಳಿದ ಬಾಕಿಗೆ ಕಾರ್ಡಿನ ಮಾಮೂಲಿ ಬಡ್ಡಿ, ಅಂದರೆ ಶೇ 20ರ ಆಸುಪಾಸು, ಬೀಳುತ್ತದೆ ಎಂಬುದನ್ನು ಸಣ್ಣ ಅಕ್ಷರದಲ್ಲಿ ಬರೆಯುವುದು ಮಾತ್ರ ನನಗೆ ಸಹಿಸಲಾಗದ್ದು.

ನಾನು ಡಲ್ಲಾಸ್ ಹತ್ತಿರ ಇರುವವನು, ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಜಾವಾ, ಯೆಜ್ಡಿ ತಯಾರಾಗುತ್ತಿದ್ದ ಊರಿನವನಿಗೆ ಬೈಕಿನ ಹುಚ್ಚು ಎಲ್ಲಿಂದ ಬಂತು ಎಂದು ವಿವರಿಸಬೇಕಾಗಿಲ್ಲ. ಇಲ್ಲಿ ಲೈಸೆನ್ಸ್ ಮಾಡಿಸಿಕೊಂಡು ಒಂದು ಸಣ್ಣ ಬೈಕು ಆರಿಸಿದಾಗ ಬೋರ್ಡಿನ ಮೇಲೆ 6,200 ಡಾಲರ್ ಎಂದಿತ್ತು. ಸಾಗಣೆ ಮತ್ತು ಜೋಡಣೆ ಖರ್ಚು, ಕಾಗದಪತ್ರದ ಶುಲ್ಕ, ಟೆಕ್ಸಸ್‌ನ ಶೇ 6.25 ಮಾರಾಟ ತೆರಿಗೆ, ನೋಂದಣಿ ಎಲ್ಲ ಸೇರಿ 7,800 ಆಯಿತು. 800 ಕೈಯಿಂದ ಕೊಟ್ಟು ಉಳಿದ 7,000ಕ್ಕೆ ಸಾಲ ಎಂದು ತೀರ್ಮಾನಿಸಿದೆ. ಶೋರೂಮಿನ ಫೈನಾನ್ಸ್ ಮ್ಯಾನೇಜರ್ ಕಂಪನಿಯ ಕಾರ್ಡಿನ ಅರ್ಜಿಯನ್ನು ಮುಂದಿಟ್ಟರು. ಜೊತೆಗೆ ಬಂದಿದ್ದ ನನ್ನ ಹೆಂಡತಿ ಕನ್ನಡದಲ್ಲಿ ಮೆಲ್ಲಗೆ, "ರೀ, 99ರ ಹಾಗೆ ಕಟ್ಟಿದ್ರೆ ಮೂರು ವರ್ಷ ಆದ್ಮೇಲೆ ಎಷ್ಟು ಉಳಿಯುತ್ತೆ ಅಂತ ಕೇಳಿ" ಎಂದಳು. ಕೇಳಿದೆ. ಅದು ಕಂಪ್ಯೂಟರಿನಲ್ಲಿ ಬರುವುದಿಲ್ಲ ಎಂದರು. ಅರ್ಜಿಯನ್ನು ಮನೆಗೆ ತಂದು ನಾವೇ ಲೆಕ್ಕ ಹಾಕಿದೆವು.

ಆ ಲೆಕ್ಕ ಹೀಗಿದೆ. 7,000 ಡಾಲರಿಗೆ ಶೇ 3.99ರಂತೆ ಮೊದಲ ತಿಂಗಳ ಬಡ್ಡಿ ಸುಮಾರು 23 ಡಾಲರ್. 99 ಕಟ್ಟಿದರೆ ಅಸಲಿಗೆ ಹೋಗುವುದು 76. ಹೀಗೇ 36 ತಿಂಗಳು ಕಳೆದರೆ ಇನ್ನೂ 4,109 ಡಾಲರ್ ಬಾಕಿ. ಅಲ್ಲಿಂದ ಬಡ್ಡಿ ಶೇ 19.99 ಆಯಿತು ಎಂದುಕೊಳ್ಳಿ. ಆಗ ಮೊದಲ ತಿಂಗಳ ಬಡ್ಡಿಯೇ 68 ಡಾಲರ್. ಆಮೇಲೂ 99ನ್ನೇ ಕಟ್ಟುತ್ತಾ ಹೋದರೆ ಸಾಲ ತೀರಲು ಮತ್ತೆ ಸುಮಾರು ಆರು ವರ್ಷ ಬೇಕು, ಆ ಆರು ವರ್ಷದ ಬಡ್ಡಿ 2,900 ಡಾಲರ್ ದಾಟುತ್ತದೆ. ಮೂರು ವರ್ಷದ್ದೆಂದು ಕೊಂಡ ಬೈಕಿಗೆ ಒಂಬತ್ತು ವರ್ಷ ದುಡ್ಡು ಕಟ್ಟಿದಂತಾಯಿತು.

ಅದೇ 7,000ವನ್ನು ತಿಂಗಳಿಗೆ 215ರಂತೆ ಕಟ್ಟಿದರೆ 35 ತಿಂಗಳಲ್ಲಿ ಪೂರ್ತಿ ಮುಗಿಯುತ್ತದೆ, ಒಟ್ಟು ಬಡ್ಡಿ ಸುಮಾರು 420 ಡಾಲರ್. ಕ್ರೆಡಿಟ್ ಯೂನಿಯನ್ ಎಂದು ಇಲ್ಲಿ ನಮ್ಮ ಸಹಕಾರಿ ಬ್ಯಾಂಕಿನಂಥ ಸಂಸ್ಥೆಗಳಿವೆ. ಅಂಥದ್ದೊಂದರಲ್ಲಿ ಶೇ 7.5ಕ್ಕೆ ಮಾಮೂಲಿ ಬೈಕ್ ಸಾಲ ತೆಗೆದಿದ್ದರೆ ತಿಂಗಳ ಕಂತು 218, ಮೂರು ವರ್ಷದ ಬಡ್ಡಿ 840ರ ಹತ್ತಿರ. ಅಂದರೆ ಕಾರ್ಡಿನಿಂದ ನನಗೆ 420 ಡಾಲರ್ ಉಳಿತಾಯ. ನಾನು ಕಾರ್ಡನ್ನೇ ಆರಿಸಿದೆ, ಬ್ಯಾಂಕ್ ಖಾತೆಯಿಂದ ಪ್ರತಿ ತಿಂಗಳೂ 215 ತಾನಾಗಿ ಹೋಗುವಂತೆ ಮೊದಲ ಬಿಲ್ಲಿಗೇ ಏರ್ಪಾಡು ಮಾಡಿದೆ. ಆ ಏರ್ಪಾಡು ಮಾಡಲಾಗದವರು, ಅಥವಾ ತಿಂಗಳ ಕೊನೆಗೆ 215 ಭಾರವೆನಿಸಬಹುದು ಎನ್ನುವವರು, ಕ್ರೆಡಿಟ್ ಯೂನಿಯನ್ನಿಗೆ ಹೋಗುವುದೇ ಕ್ಷೇಮ. ಅಲ್ಲಿ ಸಾಲಕ್ಕೆ ಕೊನೆಯ ದಿನವಿದೆ. ಕಾರ್ಡಿನಲ್ಲಿ ಆ ಕೊನೆಯ ದಿನವನ್ನು ನಾವೇ ಗೊತ್ತುಮಾಡಿಕೊಳ್ಳಬೇಕು. 36ರ ಬದಲು 35 ಎಂದಿಟ್ಟುಕೊಂಡದ್ದಕ್ಕೂ ಕಾರಣವಿದೆ. ಕೊಡುಗೆ ಮುಗಿಯುವ ತಾರೀಖು ಮತ್ತು ಬಿಲ್ಲಿನ ತಾರೀಖು ಒಂದೇ ದಿನ ಬರುವುದಿಲ್ಲ.

ಕಾರ್ಡು ಕೈಗೆ ಬಂದ ಮೇಲೆ ಎಲ್ಲರಿಗೂ ಬರುವ ಆಸೆ, ಅದರಲ್ಲೇ ಹೆಲ್ಮೆಟ್, ಜಾಕೆಟ್, ಬೂಟು ಕೊಳ್ಳುವುದು. ದಯವಿಟ್ಟು ಬೇಡ. ಆ ಖರೀದಿಗೆ ಬೈಕಿನ ಕಡಿಮೆ ಬಡ್ಡಿ ಅನ್ವಯಿಸಬೇಕೆಂದಿಲ್ಲ, ಬಹಳ ಸಲ ಅದು ಮಾಮೂಲಿ ಬಡ್ಡಿಗೇ ಸೇರುತ್ತದೆ. 2009ರಲ್ಲಿ ಒಬಾಮಾ ಸಹಿ ಹಾಕಿದ ಕ್ರೆಡಿಟ್ ಕಾರ್ಡ್ ಕಾಯ್ದೆಯ ಪ್ರಕಾರ, ಕನಿಷ್ಠ ಮೊತ್ತಕ್ಕಿಂತ ಹೆಚ್ಚಾಗಿ ಕಟ್ಟಿದ ಹಣ ಹೆಚ್ಚು ಬಡ್ಡಿಯ ಬಾಕಿಗೆ ಮೊದಲು ಹೋಗಬೇಕು. ಗ್ರಾಹಕರಿಗೆ ಒಳ್ಳೆಯ ನಿಯಮವೇ. ಆದರೆ ನಾನು ಕಟ್ಟುವ 215ರಲ್ಲಿ ಕನಿಷ್ಠ ಮೊತ್ತವಾದ 99 ಬಿಟ್ಟು ಉಳಿದ 116 ಡಾಲರ್, ಜಾಕೆಟ್ ತೀರುವ ತನಕ ಜಾಕೆಟ್ಟಿಗೇ ಹೋಗುತ್ತದೆ. ಬೈಕಿನ ಬಾಕಿ ಅಷ್ಟರಮಟ್ಟಿಗೆ ಹಿಂದೆ ಬೀಳುತ್ತದೆ, 35 ತಿಂಗಳ ಲೆಕ್ಕ ತಪ್ಪುತ್ತದೆ. ಹೆಲ್ಮೆಟ್ಟು ಜಾಕೆಟ್ಟು ಎರಡನ್ನೂ ನಾನು ಕೈದುಡ್ಡಿನಲ್ಲೇ ಕೊಂಡೆ.

ಅದೇ ಕಾಯ್ದೆಯಿಂದ ಬಂದ ಇನ್ನೊಂದು ಉಪಕಾರ, ತಿಂಗಳ ಬಿಲ್ಲಿನಲ್ಲಿರುವ ಪುಟ್ಟ ಚೌಕ. ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ ಸಾಲ ತೀರಲು ಎಷ್ಟು ವರ್ಷ, 36 ತಿಂಗಳಲ್ಲಿ ತೀರಿಸಲು ತಿಂಗಳಿಗೆ ಎಷ್ಟು ಎಂದು ಅಲ್ಲಿ ಬರೆದಿರಬೇಕು. ಶೋರೂಮಿನಲ್ಲಿ ಸಿಗದ ಉತ್ತರ ಮೊದಲ ಬಿಲ್ಲಿನಲ್ಲಿ ಸಿಗುತ್ತದೆ. ಬಿಲ್ಲನ್ನು ತೆರೆದು ಓದಬೇಕು ಅಷ್ಟೆ. ಇನ್ನು ಕಂತು ತಪ್ಪಿಸುವ ಮಾತು. 60 ದಿನಕ್ಕಿಂತ ಹೆಚ್ಚು ಬಾಕಿ ಉಳಿಸಿಕೊಂಡರೆ ಕೊಡುಗೆಯ ಬಡ್ಡಿಯನ್ನೇ ಬ್ಯಾಂಕು ಹಿಂತೆಗೆದುಕೊಳ್ಳಬಹುದು.

ಕೊಡುಗೆಗಳಲ್ಲಿ ಇನ್ನೊಂದು ಜಾತಿಯಿದೆ, ಅದು ಇದಕ್ಕಿಂತ ಅಪಾಯಕಾರಿ. '12 ತಿಂಗಳೊಳಗೆ ಪೂರ್ತಿ ತೀರಿಸಿದರೆ ಬಡ್ಡಿಯಿಲ್ಲ' ಎಂದಿದ್ದರೆ ಬಡ್ಡಿಯ ಲೆಕ್ಕ ಮೊದಲ ದಿನದಿಂದಲೇ ಒಳಗೊಳಗೆ ನಡೆಯುತ್ತಿರುತ್ತದೆ. ಗಡುವಿನ ದಿನ ಹತ್ತು ಡಾಲರ್ ಉಳಿದಿದ್ದರೂ ಇಡೀ ವರ್ಷದ ಬಡ್ಡಿ ಒಮ್ಮೆಗೇ ತಲೆಯ ಮೇಲೆ ಬೀಳುತ್ತದೆ. ನಿಜವಾದ ಶೂನ್ಯ ಬಡ್ಡಿಯ ಕೊಡುಗೆಯಲ್ಲಿ ಹಾಗಾಗುವುದಿಲ್ಲ, ಉಳಿದ ಹತ್ತು ಡಾಲರಿಗೆ ಮಾತ್ರ ಮುಂದಿನ ಬಡ್ಡಿ. ಸಹಿ ಹಾಕುವ ಮುಂಚೆ ಇವೆರಡರಲ್ಲಿ ಯಾವುದು ಎಂದು ಬಾಯಿಬಿಟ್ಟು ಕೇಳಿ.

ಊರಿನ ಓದುಗರಿಗೆ ಇದೆಲ್ಲ ದೂರದ ಮಾತೆನಿಸಬಹುದು. ಆದರೆ ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ನಮ್ಮ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಬರೆದು ಹೇಳಿತು. ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ ಚಕ್ರಬಡ್ಡಿಯೊಡನೆ ಸಾಲ ವರ್ಷಗಟ್ಟಲೆ ಎಳೆಯುತ್ತದೆ ಎಂಬ ಎಚ್ಚರಿಕೆಯನ್ನು ಕಾರ್ಡಿನ ಬಿಲ್ಲುಗಳಲ್ಲಿ ಮುದ್ರಿಸಬೇಕೆಂದು 2022ರ ನಿರ್ದೇಶನದಲ್ಲಿ ಸೇರಿಸಿತು. ಬೆಂಗಳೂರಿನಲ್ಲಿ ಫೋನು, ಸ್ಕೂಟರು ಕೊಳ್ಳುವವರಿಗೂ ಲೆಕ್ಕದ ದಾರಿ ಇದೇ.

ಕಾರ್ಡು ಎಂದ ಮಾತ್ರಕ್ಕೆ ಬೈಕು ಪೂರ್ತಿ ನಮ್ಮ ಹೆಸರಿಗೆ ಬರುವುದಿಲ್ಲ. ಊರಲ್ಲಿ ಆರ್.ಸಿ.ಯಲ್ಲಿ ಎಚ್.ಪಿ. ಎಂದು ನಮೂದಾಗುವ ಹಾಗೆ ನನ್ನ ಬೈಕಿನ ಟೈಟಲ್ ಪತ್ರದಲ್ಲಿ ಬ್ಯಾಂಕಿನ ಲೀನ್ ದಾಖಲಾಗಿತ್ತು. ಸಾಲ ಇರುವಷ್ಟು ದಿನ ಡಿಕ್ಕಿ, ಕಳ್ಳತನ ಎಲ್ಲಕ್ಕೂ ವಿಮೆ ಇರಲೇಬೇಕೆಂದು ಷರತ್ತು. ಇನ್ನೊಂದು ಕಡೆ, ಕ್ರೆಡಿಟ್ ವರದಿಯಲ್ಲಿ ಇದು ಕಾರ್ಡ್ ಸಾಲವಾಗಿಯೇ ಕಾಣುತ್ತದೆ. ಬ್ಯಾಂಕು ಕೊಡುವ ಮಿತಿ ಬಹಳ ಸಲ ಬೈಕಿನ ಬೆಲೆಯ ಆಸುಪಾಸಿನಲ್ಲೇ ಇರುವುದರಿಂದ ಮಿತಿ ಪೂರ್ತಿ ಬಳಸಿದವನೆಂದು ಲೆಕ್ಕವಾಗಿ ಸ್ಕೋರು ಇಳಿಯುತ್ತದೆ. ಫೈಕೋ ಎಂಬ ಕ್ರೆಡಿಟ್ ಸ್ಕೋರಿನಲ್ಲಿ ಸುಮಾರು ಶೇ 30ರಷ್ಟು ತೂಕ ಇರುವುದು ಬಾಕಿ ಸಾಲದ ಪ್ರಮಾಣಕ್ಕೆ. ಸದ್ಯದಲ್ಲೇ ಮನೆ ಸಾಲಕ್ಕೆ ಅರ್ಜಿ ಹಾಕುವವರು ಈ ಕಾರ್ಡನ್ನು ಮುಟ್ಟಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎಚ್-1ಬಿ ವೀಸಾದವರು ಇನ್ನೂ ಒಂದನ್ನು ಯೋಚಿಸಬೇಕು. ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಅಥವಾ ದೇಶ ಬಿಡಲು ಸಿಗುವುದು ಹೆಚ್ಚೆಂದರೆ 60 ದಿನ. ನನ್ನ ಸಹೋದ್ಯೋಗಿಯೊಬ್ಬನ ಸಾಲವೂ ಹೆಚ್ಚುಕಡಿಮೆ ನನ್ನಷ್ಟೇ ಇತ್ತು, ಅವನು 99ರ ಹಾಗೆ ಕಟ್ಟುತ್ತಿದ್ದ. ಎರಡು ವರ್ಷದ ಮೇಲೆ ಕೆಲಸ ಹೋಯಿತು. ಬಾಕಿ ಐದು ಸಾವಿರಕ್ಕಿಂತ ಹೆಚ್ಚು, ಬೈಕಿಗೆ ಬಂದ ಬೆಲೆ ನಾಲ್ಕು ಸಾವಿರದ ಆಸುಪಾಸು. ಸಾಲ ತೀರದೆ ಲೀನ್ ಹೋಗುವುದಿಲ್ಲ, ಲೀನ್ ಹೋಗದೆ ಕೊಳ್ಳುವವನಿಗೆ ಟೈಟಲ್ ಕೊಡಲಾಗುವುದಿಲ್ಲ. ಊರಿಗೆ ಹೋಗಲು ಟಿಕೆಟ್ಟಿಗೆಂದು ಇಟ್ಟಿದ್ದ ಹಣದಲ್ಲಿ ಆ ವ್ಯತ್ಯಾಸ ತುಂಬಿದ. ಏನೂ ತಪ್ಪು ಮಾಡದೆ, ಒಂದು ಕಂತನ್ನೂ ತಪ್ಪಿಸದೆ ಕಟ್ಟಿದವನಿಗೆ ಹೀಗಾಯಿತು ಎನ್ನುವುದೇ ಈ ಅಂಕಣ ಬರೆಯಲು ನನಗೆ ಸಿಕ್ಕ ಕಾರಣ.

ಸಾಲ ತೀರಿಸುವ ಕೊನೆಯ ಹೆಜ್ಜೆಯಲ್ಲೂ ಗಮನ ಬೇಕು. ಬಿಲ್ಲಿನಲ್ಲಿ ಇದ್ದಷ್ಟು ಕಟ್ಟಿದರೆ ಬಿಲ್ಲಿನ ದಿನದಿಂದ ಕಟ್ಟಿದ ದಿನದವರೆಗಿನ ಬಡ್ಡಿ ಉಳಿದುಬಿಡುತ್ತದೆ. ಬ್ಯಾಂಕಿಗೆ ಫೋನ್ ಮಾಡಿ, ಇಂಥ ದಿನಕ್ಕೆ ಪೂರ್ತಿ ತೀರಿಸಲು ಎಷ್ಟು ಎಂದು ಕೇಳಿ ಅಷ್ಟನ್ನು ಕಟ್ಟಬೇಕು. ಲೀನ್ ಬಿಡುಗಡೆಯಾಯಿತು ಎಂಬ ಪತ್ರ ತರಿಸಿಕೊಳ್ಳಬೇಕು, ವಿಮಾ ಕಂಪನಿಗೆ ತಿಳಿಸಿ ಪಾಲಿಸಿಯಿಂದ ಬ್ಯಾಂಕಿನ ಹೆಸರು ತೆಗೆಸಬೇಕು. ಆ ಮೇಲೆ ಪೂರ್ಣ ವಿಮೆ ಇಟ್ಟುಕೊಳ್ಳುವುದು ಬಿಡುವುದು ನಮಗೆ ಬಿಟ್ಟದ್ದು. ಡಲ್ಲಾಸ್ ಕಡೆ ಪ್ರತಿ ಬೇಸಿಗೆಯ ಮುಂಚೆ ಬೀಳುವ ಆಲಿಕಲ್ಲು ನೋಡಿ ನಾನು ಮುಂದುವರಿಸಿದ್ದೇನೆ.