ಸಿಸ್ಟರ್‌ಗೆ ಹೇಳಿ, ಸಿಸ್ಟರ್‌ನ ಕೇಳಿ

ದೊಡ್ಡಮ್ಮನಿಗೆ ಅದು ಎರಡನೇ ಕೀಮೊ. ಸೂಜಿ ಚುಚ್ಚಿದ ಜಾಗದಲ್ಲಿ ಉರಿ ಶುರುವಾಗಿ ಹತ್ತು ನಿಮಿಷವಾಗಿದ್ದರೂ ಹಲ್ಲು ಕಚ್ಚಿಕೊಂಡು ಮಲಗಿದ್ದರು. ‘ಸಿಸ್ಟರ್ ಪಾಪ ಒಂದೇ ಸಮ ಓಡಾಡ್ತಾ ಇದಾರೆ, ಯಾಕೆ ತೊಂದರೆ ಕೊಡೋದು’ ಅಂದರು. ನಾನೇ ಹೋಗಿ ಕರೆದೆ. ಸಿಸ್ಟರ್ ಬಂದವರೇ ಡ್ರಿಪ್ ನಿಲ್ಲಿಸಿ, ‘ಉರಿ ಅಂದ ತಕ್ಷಣ ಕೂಗಬೇಕಮ್ಮಾ’ ಎಂದರು. ಕೆಲವು ಕೀಮೊ ಔಷಧಿಗಳು ರಕ್ತನಾಳದಿಂದ ಆಚೆ ಸೋರಿದರೆ ಸುತ್ತಲಿನ ಚರ್ಮ, ಮಾಂಸ ಎರಡೂ ಹಾಳಾಗುತ್ತವೆ. ಇಷ್ಟು ಮಾತು ಮೊದಲೇ ಕಿವಿಗೆ ಬಿದ್ದಿದ್ದರೆ ದೊಡ್ಡಮ್ಮ ಸುಮ್ಮನೆ ಮಲಗುತ್ತಿರಲಿಲ್ಲ.

ಆಸ್ಪತ್ರೆಯ ಆರೈಕೆ ಕ್ಯಾನ್ಸರ್ ರೋಗಿಗಳಿಗೆ ತೃಪ್ತಿ ಕೊಟ್ಟಿತೇ ಎಂದು ತಿಳಿಯಲು ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಒಆರ್‌ಟಿಸಿ 32 ಪ್ರಶ್ನೆಗಳ ಪಟ್ಟಿಯೊಂದನ್ನು ರೂಪಿಸಿದೆ. ನರ್ಸ್‌ಗಳ ಕೆಲಸದ ಕುಶಲತೆ, ನಡವಳಿಕೆ, ಕರೆದಾಗ ಬರುವುದು, ವಿವರ ತಿಳಿಸುವುದು ಎಲ್ಲವನ್ನೂ ಅದರಲ್ಲಿ ಬೇರೆ ಬೇರೆಯಾಗಿ ಕೇಳುತ್ತಾರೆ. ನಾವು ಮಾತ್ರ ‘ಸಿಸ್ಟರ್ ಚೆನ್ನಾಗಿ ಮಾತಾಡಿಸಿದರು’ ಎಂಬಲ್ಲಿಗೇ ತೃಪ್ತಿ ಪಡುತ್ತೇವೆ. ನನ್ನ ಅನುಭವದಲ್ಲಿ ವಿವರ ತಿಳಿಸುವುದೇ ಎಲ್ಲಕ್ಕಿಂತ ದೊಡ್ಡದು. ಅದನ್ನು ಕೇಳಿ ಪಡೆಯುವ ಕ್ರಮ ಹೀಗಿದೆ.

ಅಡ್ಮಿಟ್ ಆಗುವ ದಿನ

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಫೈಲ್ ನಂಬರ್, ಇದು ಎಷ್ಟನೇ ಕೀಮೊ, ಯಾವ ಔಷಧಿ ಆಗಿಬರುವುದಿಲ್ಲ, ಬಿಪಿ–ಸಕ್ಕರೆ ಕಾಯಿಲೆಗೆ ಯಾವ ಮಾತ್ರೆ ನಡೆಯುತ್ತಿದೆ ಎಲ್ಲವನ್ನೂ ಬರೆದಿಡಿ. ಮನೆಯಲ್ಲಿ ಕುಡಿಸುತ್ತಿರುವ ಕಷಾಯವನ್ನೂ ಮುಚ್ಚಿಡಬೇಡಿ. ಕೀಮೊ ಪ್ರಮಾಣವನ್ನು ಸಾಮಾನ್ಯವಾಗಿ ಎತ್ತರ, ತೂಕದ ಮೇಲೆ ಲೆಕ್ಕ ಹಾಕುವುದರಿಂದ ಪ್ರತಿ ಸಲವೂ ತೂಕ ನೋಡಿದರೇ ಎಂದು ಗಮನಿಸಿ.

ಡ್ರಿಪ್ ಹಾಕುವಾಗ

ಸಿಸ್ಟರ್ ಹೆಸರು ಕೇಳಿದರೆ ‘ಆಗಲೇ ಹೇಳಿದೆನಲ್ಲ’ ಎಂದು ಬೇಸರಿಸಬೇಡಿ. ಒಬ್ಬರ ಔಷಧಿ ಇನ್ನೊಬ್ಬರಿಗೆ ಹೋಗದಂತೆ ತಡೆಯುವುದೇ ಆ ಪ್ರಶ್ನೆ. ‘ಹೂಂ’ ಅನ್ನುವ ಬದಲು ಪೂರ್ತಿ ಹೆಸರು ಹೇಳಿ. ಆಮೇಲೆ ನೀವು ಕೇಳಬೇಕಾದದ್ದು: ಇದು ಯಾವ ಔಷಧಿ, ಎಷ್ಟು ಹೊತ್ತು ಹೋಗುತ್ತದೆ, ಏನಾದರೆ ನಿಮ್ಮನ್ನು ಕರೆಯಬೇಕು? ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಕೊಟ್ಟ ಮೇಲೆ ಒಂದೆರಡು ದಿನ ಮೂತ್ರ ಕೆಂಪಾಗಬಹುದು. ತಿಳಿಯದಿದ್ದವರು ಅದು ರಕ್ತವೆಂದು ರಾತ್ರಿಯಿಡೀ ಹೆದರಿ ಕೂತಿರುತ್ತಾರೆ.

ಉರಿ, ನೋವು, ಊತ, ಮೈ ತುರಿಕೆ, ಉಸಿರು ಕಟ್ಟಿದಂತಾಗುವುದು, ಚಳಿ – ಇಷ್ಟರಲ್ಲಿ ಯಾವುದೇ ಆದರೂ ಆ ಕ್ಷಣವೇ ಕರೆಯಿರಿ. ಸಂಕೋಚ ಬೇಡ. ಡ್ರಿಪ್ ವೇಗವನ್ನು ನೀವಾಗಿ ಹೆಚ್ಚುಕಮ್ಮಿ ಮಾಡಬೇಡಿ.

ಬೆಂಗಳೂರಿನ ಎಷ್ಟೋ ಆಸ್ಪತ್ರೆಗಳಲ್ಲಿ ಕೇರಳದಿಂದ ಬಂದ ಸಿಸ್ಟರ್‌ಗಳಿದ್ದಾರೆ. ಮಾತು ಅರ್ಥವಾಗದಿದ್ದರೆ ತಲೆಯಾಡಿಸಿ ಸುಮ್ಮನಾಗುವುದು ತಪ್ಪು. ‘ಇನ್ನೊಂದ್ಸಲ ನಿಧಾನಕ್ಕೆ ಹೇಳಿ ಸಿಸ್ಟರ್’ ಅನ್ನಿ. ಕೇಳಿಸಿಕೊಂಡದ್ದನ್ನು ಅವರಿಗೇ ತಿರುಗಿ ಹೇಳಿದರೆ ತಪ್ಪಿದ್ದಲ್ಲಿ ತಿದ್ದುತ್ತಾರೆ. ಡ್ಯೂಟಿ ಬದಲಾಗುವ ಹೊತ್ತಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಎಲ್ಲ ರೋಗಿಗಳ ವಿವರ ಒಪ್ಪಿಸುತ್ತಿರುತ್ತಾರೆ. ತುರ್ತಿಲ್ಲದ ಪ್ರಶ್ನೆಗಳನ್ನು ಅದಕ್ಕೆ ಮುಂಚೆಯೋ ಆಮೇಲೋ ಕೇಳುವುದು ಒಳ್ಳೆಯದು.

ನೋವನ್ನು ಹೇಳುವ ಬಗೆ

‘ತುಂಬಾ ನೋವು’ ಎಂದರೆ ಎಷ್ಟೆಂದು ಯಾರಿಗೂ ತಿಳಿಯದು. ಸೊನ್ನೆ ಎಂದರೆ ನೋವಿಲ್ಲ, 10 ಎಂದರೆ ತಡೆಯಲಾರದ್ದು. ನಡುವಿನ ಒಂದು ಅಂಕಿ ಹೇಳಿ. ಎಲ್ಲಿ, ಯಾವ ಹೊತ್ತಿನಲ್ಲಿ, ಮಾತ್ರೆ ನುಂಗಿದ ಎಷ್ಟು ಹೊತ್ತಿಗೆ ಮರಳಿ ಬರುತ್ತದೆ ಎಂಬುದೂ ಗೊತ್ತಾದರೆ ಡಾಕ್ಟರಿಗೆ ಔಷಧಿ ಬದಲಿಸಲು ದಾರಿಯಾಗುತ್ತದೆ. ನಮ್ಮ ಹಿರಿಯರು ನೋವು ನುಂಗುವುದನ್ನೇ ದೊಡ್ಡಗುಣ ಎಂದುಕೊಂಡಿದ್ದಾರೆ. ಅವರ ಪರವಾಗಿ ಮನೆಯವರೇ ಬಾಯಿ ಬಿಡಬೇಕು.

ಮನೆಗೆ ಹೊರಡುವ ಮುನ್ನ

ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವುದು ಇದನ್ನೇ. ಕೀಮೊ ಆದ ಏಳರಿಂದ ಹದಿನಾಲ್ಕು ದಿನದೊಳಗೆ ಬಿಳಿ ರಕ್ತಕಣಗಳು ಕೆಳಮಟ್ಟಕ್ಕೆ ಇಳಿಯುವುದು ಸಾಮಾನ್ಯ. ಆಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ತುರ್ತು ಸ್ಥಿತಿ. ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಿನವರೆಗೆ ಕಾಯುವಂತಿಲ್ಲ. ರಾತ್ರಿ ಎರಡು ಗಂಟೆಗೆ ಜ್ವರ ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕೆಂದು ಸಿಸ್ಟರ್‌ನ ಕೇಳಿ ಬರೆದುಕೊಳ್ಳಿ. ರಾಯಚೂರು, ಬೀದರ್ ಕಡೆಯಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬಂದು ಹೋಗುವವರು ಹತ್ತಿರದ ಆಸ್ಪತ್ರೆಗೇ ಓಡಬೇಕಾಗುತ್ತದೆ. ಅಲ್ಲಿ ಡಿಸ್ಚಾರ್ಜ್ ಸಾರಾಂಶ ತೋರಿಸಿ, ಕೀಮೊ ಆದ ತಾರೀಖನ್ನು ಮೊದಲ ಮಾತಿನಲ್ಲೇ ಹೇಳಿ.

ಕೈಯಲ್ಲಿ ಪಿಕ್ ಲೈನ್ (ಔಷಧಿ ಕೊಡಲು ರಕ್ತನಾಳದೊಳಗೆ ಇಟ್ಟಿರುವ ತೆಳು ಕೊಳವೆ) ಇದ್ದರೆ ಅದನ್ನು ಒದ್ದೆ ಮಾಡಬಾರದು. ಎಷ್ಟು ದಿನಕ್ಕೊಮ್ಮೆ ಶುಚಿ ಮಾಡಿಸಬೇಕು, ಊರಿನಲ್ಲಿ ಎಲ್ಲಿ ಮಾಡಿಸಬಹುದು ಎಂದೂ ಕೇಳಿ. ಬಾಯಿ ಹುಣ್ಣಿಗೆ ಮೆತ್ತನೆ ಬ್ರಷ್, ಮುಕ್ಕಳಿಸಲು ಉಪ್ಪು–ಅಡುಗೆ ಸೋಡಾ ಬೆರೆಸಿದ ನೀರು. ಕೀಮೊ ಆದ ಎರಡು ದಿನ ವಾಂತಿ, ಮೂತ್ರ ತೆಗೆಯುವವರು ಕೈಗೆ ಗ್ಲೌಸ್ ಹಾಕಿಕೊಳ್ಳಬೇಕು.

ಅಭಿಪ್ರಾಯದ ಫಾರಂ

ಬಿಲ್ ಕಟ್ಟುವ ಗಡಿಬಿಡಿಯಲ್ಲಿ ಎಲ್ಲದಕ್ಕೂ ‘ಉತ್ತಮ’ ಎಂದು ಗುರುತು ಹಾಕಿ ಕೊಟ್ಟುಬಿಡುತ್ತೇವೆ. ಮುಂದಿನ ಕೀಮೊಗೂ ಇಲ್ಲಿಗೇ ಬರಬೇಕಲ್ಲ ಎಂಬ ಅಂಜಿಕೆ ಅದರ ಹಿಂದಿದೆ. ‘ರಾತ್ರಿ ಬೆಲ್ ಒತ್ತಿ ಅರ್ಧ ಗಂಟೆ ಕಾದೆವು’ ಎಂದು ತಾರೀಖಿನ ಸಮೇತ ಬರೆದರೆ ಅದು ಬೈಗುಳವಲ್ಲ, ಆ ಪಾಳಿಗೆ ಇನ್ನೊಬ್ಬರನ್ನು ಹಾಕಿಸಲು ನರ್ಸಿಂಗ್ ಸೂಪರಿಂಟೆಂಡೆಂಟ್ ಕೈಗೆ ಸಿಗುವ ಆಧಾರ. ಮಾತಿಗೆ ಬಗ್ಗದ ಖಾಸಗಿ ಆಸ್ಪತ್ರೆಯ ಮೇಲೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ, ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಡಬಹುದು.

ಚೆನ್ನಾಗಿ ನೋಡಿಕೊಂಡವರ ಹೆಸರನ್ನೂ ಆ ಫಾರಂನಲ್ಲಿ ಮರೆಯದೆ ಬರೆಯಿರಿ. ದೊಡ್ಡಮ್ಮನ ಡ್ರಿಪ್ ನಿಲ್ಲಿಸಿದ ಸಿಸ್ಟರ್ ಹೆಸರನ್ನು ನಾವು ಅಂದು ಕೇಳಲೇ ಇಲ್ಲ.