ಸುತ್ತ ನಿಂತವರ ಪಾಲು

ಪ್ರೀತಿಯ ಮೊಮ್ಮಗಳೇ,

ನೀನು ಕಳಿಸಿದ ವಾಯ್ಸ್ ಮೆಸೇಜನ್ನು ನಾನೂ ನಿನ್ನ ಅಜ್ಜಿಯೂ ಎರಡೆರಡು ಸಲ ಕೇಳಿದೆವು. ನಿಮ್ಮ ಒಂಬತ್ತನೇ ಕ್ಲಾಸಿನ ಹುಡುಗ ಜಾಮಿಟ್ರಿ ಬಾಕ್ಸಿನಿಂದ ಕೈವಾರ ತೆಗೆದು ಪಕ್ಕದವನ ಕೈಗೆ ಚುಚ್ಚಿದ್ದು, ಯಾರೋ ಅದನ್ನು ಫೋನಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದ್ದು, ಹುಡುಗನನ್ನು ಒಂದು ವಾರ ಮನೆಗೆ ಕಳಿಸಿದ್ದು, ಎಲ್ಲ ಹೇಳಿದೆ. ಕೊನೆಗೆ ಒಂದು ಮಾತು ಕೇಳಿದೆ: “ನಾವೇನು ಮಾಡಕ್ಕಾಗ್ತಿತ್ತು ತಾತ?” ತಪ್ಪು ಯಾರದು ಎಂದು ಕೇಳುವವರೇ ಹೆಚ್ಚು. ನೀನು ‘ನಾವು’ ಎಂದೆಯಲ್ಲ, ನನಗೆ ತುಂಬಾ ಹಿಡಿಸಿತು. ಅದಕ್ಕೇ ಫೋನು ಪಕ್ಕಕ್ಕಿಟ್ಟು ಬರೆಯಲು ಕೂತೆ.

ಆ ಹುಡುಗ ಮಾಡಿದ್ದು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದರೆ ನೀನೇ ಹೇಳಿದ ಹಾಗೆ, ಅವನ ಅಪ್ಪ ಗುಜರಿ ಅಂಗಡಿ ಇಟ್ಟಿದ್ದಾರೆಂದು ಜೂನ್ ತಿಂಗಳಿಂದ ಅವನಿಗೆ ‘ಗುಜರಿ’ ಎಂದೇ ಹೆಸರು. ಹಾಜರಿ ಕರೆಯುವಾಗ ಹಿಂದಿನ ಬೆಂಚಿನಿಂದ ಒಬ್ಬ “ಗುಜರೀ…” ಎಂದು ರಾಗ ಎಳೆಯುತ್ತಿದ್ದ, ಕ್ಲಾಸು ನಗುತ್ತಿತ್ತು. ಅಂದರೆ ಕೈವಾರ ಹೊರಬಂದ ಆ ದಿನ ಜಗಳದ ಮೊದಲ ದಿನವಲ್ಲ, ಕೊನೆಯ ದಿನ. ಶಾಲೆಯಲ್ಲಿ ನಡೆಯುವ ಹೊಡೆದಾಟಗಳಲ್ಲಿ ಬಹಳಷ್ಟು ಹೀಗೇ ಶುರುವಾಗುವುದನ್ನು ನನ್ನ ಮೇಷ್ಟ್ರುಗಿರಿಯಲ್ಲಿ ಕಂಡಿದ್ದೇನೆ. ಗೇಲಿ, ಅಡ್ಡಹೆಸರು, ಗುಂಪಿನಿಂದ ಹೊರಗಿಡುವುದು, ಆಮೇಲೆ “ಸಂಜೆ ಗೇಟ್ ಹತ್ರ ಸಿಗು, ನೋಡ್ಕೋತೀನಿ.”

ಇಂಥ ಕಾಟ ನಿಮ್ಮ ಶಾಲೆಯದು ಮಾತ್ರವಲ್ಲ. ನಾರ್ವೆಯಲ್ಲಿ 1982ರ ಕೊನೆಯಲ್ಲಿ ಮೂವರು ಹುಡುಗರು ಪ್ರಾಣ ಕಳೆದುಕೊಂಡರು. ಓರಗೆಯವರ ಕಾಟವೇ ಕಾರಣವೆಂದು ಜನ ನೊಂದರು. ಮರುವರ್ಷವೇ ಸರ್ಕಾರ ದೇಶದ ಶಾಲೆಗಳಲ್ಲೆಲ್ಲ ಇದರ ವಿರುದ್ಧ ಕೆಲಸ ಶುರುಮಾಡಿತು. ಡಾನ್ ಓಲ್ವೇಯಸ್ ಎಂಬ ವಿದ್ವಾಂಸರು ಅದಕ್ಕೆ ದಾರಿ ತೋರಿಸಿದರು. ಆಮೇಲೆ ಫಿನ್‌ಲೆಂಡಿನ ಕ್ರಿಸ್ಟೀನಾ ಸಾಲ್ಮಿವಲ್ಲಿ ಕಾಡುವವನನ್ನೂ ಕಾಡಿಸಿಕೊಳ್ಳುವವನನ್ನೂ ಬಿಟ್ಟು ಉಳಿದ ಕ್ಲಾಸಿನತ್ತ ಕಣ್ಣು ಹಾಯಿಸಿದರು. ಕೆಲವರು ಕಾಡುವವನ ಬಲಗೈ. ಕೆಲವರು ನಗುತ್ತ ಹುರಿದುಂಬಿಸುವವರು. ಕೆಲವರು ನಮಗ್ಯಾಕೆ ಎಂದು ಸರಿಯುವವರು. ಇನ್ನು ಕೆಲವರು ನೊಂದವನ ಪಕ್ಕ ನಿಲ್ಲುವವರು. ನಿನ್ನ ಕ್ಲಾಸನ್ನು ಕಣ್ಣ ಮುಂದೆ ತಂದುಕೋ, ನಾಲ್ಕೂ ಬಗೆಯವರ ಮುಖ ಕಾಣುತ್ತದೆ. ನಗುವವರಿಲ್ಲದಿದ್ದರೆ ಆ ಹಿಂದಿನ ಬೆಂಚಿನ ಹುಡುಗ ಎಷ್ಟು ದಿನ ರಾಗ ಎಳೆದಾನು?

ಕೆನಡಾದ ಟೊರಾಂಟೊದಲ್ಲಿ ಡೆಬ್ರಾ ಪೆಪ್ಲರ್ ಮತ್ತು ಸಂಗಡಿಗರು ಶಾಲೆಯ ಆಟದ ಬಯಲಿಗೆ ಕ್ಯಾಮೆರಾ ಇಟ್ಟು, ಮಕ್ಕಳಿಗೆ ಪುಟ್ಟ ಮೈಕು ಸಿಕ್ಕಿಸಿ ನೋಡಿದರು. ಕಾಟ ಕೊಟ್ಟ ಸಂದರ್ಭಗಳಲ್ಲಿ ನೂರಕ್ಕೆ 88ರಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ಯಾರಾದರೂ ಅಡ್ಡ ಬಂದದ್ದು 19ರಲ್ಲಿ ಮಾತ್ರ. ಹಾಗೆ ಅಡ್ಡ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಹತ್ತು ಸೆಕೆಂಡಿನೊಳಗೆ ಕಾಟ ನಿಂತಿತು. 2001ರಲ್ಲಿ ಪ್ರಕಟವಾದ ಈ ಲೆಕ್ಕ ಓದಿದ ಮೇಲೆ ‘ನಾವು ಮಕ್ಕಳು, ನಮ್ಮ ಕೈಲೇನಾಗುತ್ತೆ’ ಎಂಬ ಮಾತನ್ನು ನಾನು ಒಪ್ಪುವುದೇ ಇಲ್ಲ.

ಹಾಗಂತ ಹೊಡೆದಾಟದ ನಡುವೆ ನುಗ್ಗಬೇಡ. ಯಾರ ಕೈಯಲ್ಲಾದರೂ ಕೈವಾರವೋ ಕಲ್ಲೋ ಇದ್ದರೆ ಓಡಿಹೋಗಿ ದೊಡ್ಡವರನ್ನು ಕರೆ. ನಿನ್ನ ಕೈಲಾಗುವುದೆಲ್ಲ ಅದಕ್ಕೂ ಎಷ್ಟೋ ಮೊದಲು. ನಗಬೇಡ. “ಸಾಕು ಬಿಡ್ರೋ” ಎನ್ನು. ಅಷ್ಟು ಧೈರ್ಯ ಬರದಿದ್ದರೆ “ಬಾರೋ, ಮೇಡಂ ಕರೀತಿದಾರೆ” ಎಂದು ನೊಂದವನನ್ನು ಅಲ್ಲಿಂದ ಕರೆದುಕೊಂಡು ಹೋಗು. ವಿಡಿಯೋ ಬಂದರೆ ಮುಂದಕ್ಕೆ ಕಳಿಸಬೇಡ, ಮೇಷ್ಟ್ರಿಗೆ ತೋರಿಸು. ‘ಚಾಡಿಕೋರಿ’ ಎಂದಾರು ಎಂಬ ಭಯ ನಿನಗಿದೆ, ನನಗೆ ಗೊತ್ತು. ಒಬ್ಬನಿಗೆ ಪೆಟ್ಟಾಗದಿರಲಿ ಎಂದು ಹೇಳುವ ಮಾತಿಗೆ ಆ ಹೆಸರು ಅಂಟದು. ಮೇಷ್ಟ್ರು ಕಿವಿಗೊಡದಿದ್ದರೆ 1098ಕ್ಕೆ ಫೋನು ಮಾಡು. ಅದು ಮಕ್ಕಳಿಗಾಗಿಯೇ ಇರುವ ಸಹಾಯವಾಣಿ, ಹಗಲೂ ರಾತ್ರಿಯೂ ಇರುತ್ತದೆ, ದುಡ್ಡು ಬೀಳುವುದಿಲ್ಲ.

ಜಗಳ ಬಿಡಿಸುವ ಒಂದು ಕ್ರಮ ಹೇಳುತ್ತೇನೆ, ನನ್ನ ಕ್ಲಾಸಿನಲ್ಲಿ ಬಳಸಿದ್ದು. ಒಬ್ಬ ಹುಡುಗ ಇನ್ನೊಬ್ಬನ ಸೈಕಲ್ಲಿನ ವಾಲ್ ಟ್ಯೂಬು ಕಿತ್ತಿದ್ದ. ಮಾರನೆಯ ದಿನ ಅಂಗಿ ಹರಿಯುವ ಹೊಡೆದಾಟ. ಇಬ್ಬರನ್ನೂ ಮೊದಲು ಬೇರೆ ಬೇರೆ ಕೂರಿಸಿ ನೀರು ಕುಡಿಸಿದೆ. ಬಿಸಿ ಆರುವ ಮುಂಚೆ ನ್ಯಾಯ ಹೇಳಿದರೆ ಯಾರ ತಲೆಗೂ ಹತ್ತದು. ಆಮೇಲೆ ಎದುರುಬದುರು ಕೂರಿಸಿ ಒಂದೇ ನಿಯಮ ಇಟ್ಟೆ: ಒಬ್ಬ ಹೇಳಿದ್ದನ್ನು ಇನ್ನೊಬ್ಬ ತನ್ನ ಬಾಯಲ್ಲಿ ತಿರುಗಿ ಹೇಳಬೇಕು, ಮೊದಲಿನವನು “ಹೌದು, ನಾನಂದಿದ್ದು ಇದೇ” ಅನ್ನುವವರೆಗೆ ತನ್ನ ಮಾತು ಶುರುಮಾಡುವಂತಿಲ್ಲ. ಸೈಕಲ್ಲಿನವನು, “ನಾನು ನಡ್ಕೊಂಡು ಹೋಗಿದ್ದಕ್ಕೆ ಹಾಲು ಕರೆಯೋ ಹೊತ್ತು ತಪ್ಪಿತು, ಅಪ್ಪ ಹೊಡೆದ್ರು” ಎಂದ. ಕಿತ್ತವನು ಅದನ್ನು ತಿರುಗಿ ಹೇಳಬೇಕಾಯಿತು. ‘ಅಪ್ಪ ಹೊಡೆದ್ರು’ ಎಂಬಲ್ಲಿಗೆ ಬರುವಾಗ ಅವನ ದನಿ ಇಳಿಯಿತು. ಅವನ ಸರದಿ ಬಂದಾಗ ಗೊತ್ತಾಯಿತು, ಖೋಖೋ ತಂಡದಿಂದ ಅವನನ್ನು ಎಲ್ಲರೆದುರು ‘ಕುಂಟ’ ಎಂದು ಹೊರಗಿಟ್ಟಿದ್ದರು. ಇಬ್ಬರೂ ಜೀವದ ಗೆಳೆಯರೇನೂ ಆಗಲಿಲ್ಲ, ಆದರೆ ಮತ್ತೆ ಹೊಡೆದಾಡಲೂ ಇಲ್ಲ. ನನಗೆ ಅಷ್ಟು ಸಾಕಿತ್ತು. ಇದಕ್ಕೆ ಮೇಷ್ಟ್ರೇ ಬೇಕೆಂದಿಲ್ಲ, ಇಬ್ಬರಿಗೂ ನಂಬಿಕೆಯಿರುವ ಒಬ್ಬ ಸಹಪಾಠಿ ಸಾಕು. ಒಂದು ಎಚ್ಚರ ಇರಲಿ: ಇದು ಸರಿಸಮನಾದವರ ಜಗಳಕ್ಕೆ ಮಾತ್ರ. ಹತ್ತು ಜನ ಸೇರಿ ಒಬ್ಬನನ್ನು ತಿಂಗಳುಗಟ್ಟಲೆ ಕಾಡಿದ್ದಾದರೆ ರಾಜಿ ಕೂರಿಸಬಾರದು. ಮೊದಲು ಕಾಟ ನಿಲ್ಲಿಸಬೇಕು, ಅದು ದೊಡ್ಡವರ ಜವಾಬ್ದಾರಿ.

ಕೈವಾರ ಚುಚ್ಚಿದ ಹುಡುಗನಿಗೆ ಟಿ.ಸಿ. ಕೊಟ್ಟು ಕಳಿಸಿಬಿಡಿ ಎಂದು ಕೆಲವು ಪೋಷಕರು ಒತ್ತಾಯಿಸುತ್ತಿದ್ದಾರಂತೆ. ನಾನು ಒಪ್ಪುವುದಿಲ್ಲ. ಹುಡುಗ ಹೋದರೂ ನಗುವ ಅಭ್ಯಾಸ ಕ್ಲಾಸಿನಲ್ಲೇ ಉಳಿಯುತ್ತದೆ, ನಾಳೆ ಇನ್ನೊಬ್ಬನಿಗೆ ಹೆಸರಿಡುತ್ತದೆ. ನಾಲ್ಕು ಬಾರಿಸಿದರೆ ಸರಿಹೋಗುತ್ತಾನೆ ಎನ್ನುವವರೂ ಇದ್ದಾರೆ. ಮಕ್ಕಳನ್ನು ಶಾಲೆಯಲ್ಲಿ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಕಾನೂನು ಹಾಗಿರಲಿ, ಬಲವಿದ್ದವನು ಹೊಡೆಯಬಹುದು ಎಂಬುದನ್ನೇ ಅಲ್ಲವೇ ಬೆತ್ತ ಕಲಿಸುವುದು? ಚುಚ್ಚಿದವನು ಗಾಯಗೊಂಡವನ ಕ್ಷಮೆ ಕೇಳಬೇಕು, ಔಷಧಿ ಖರ್ಚು ಅವನ ಮನೆಯವರು ಕೊಡಬೇಕು, ಸರಿ. ಹಾಗೆಯೇ ಹೆಸರಿಟ್ಟು ನಕ್ಕವರೂ ಆ ಹುಡುಗನೆದುರು ನಿಂತು ಮಾತಾಡಬೇಕು.

ನಿಮ್ಮಲ್ಲಿ ಶಾಲಾ ಸಂಸತ್ತು ಇದೆಯಲ್ಲ, ನೀನು ಅದರಲ್ಲಿ ಮಂತ್ರಿಯೂ ಹೌದು. ಶುಚಿತ್ವ, ಪ್ರಾರ್ಥನೆ, ವಾರ್ಷಿಕೋತ್ಸವ ಎಂದು ಸಭೆ ಮುಗಿಸಬೇಡಿ. ಮುಂದಿನ ಸಭೆಯಲ್ಲಿ ಈ ವಿಷಯ ಎತ್ತು. ಅಡ್ಡಹೆಸರು ಕೂಗುವಂತಿಲ್ಲ ಎಂಬ ನಿಯಮವನ್ನು ನೀವೇ ಮಾಡಿ, ಹೋಗಿ ಹೇಳಿಕೊಳ್ಳಲು ಒಬ್ಬ ಟೀಚರನ್ನು ನೀವೇ ಆರಿಸಿ, ಮುಖ್ಯೋಪಾಧ್ಯಾಯರ ಸಹಿ ಹಾಕಿಸಿ. ಮೊದಲು ಮಾತಾಡಲು ಯಾರೂ ಏಳದಿದ್ದರೆ ನೀನೇ ಏಳು ಮಗಳೇ.

ಇತಿ ನಿನ್ನ ಪ್ರೀತಿಯ
ತಾತ