ಜನರ ಜೊತೆ ಸೇರಿ ಜೀವ ಉಳಿಸಲು: ಅರಣ್ಯ ಇಲಾಖೆಗೆ ಎಂಟು ಸೂತ್ರ

ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ, ಬಿಟಿಎಂ ಬಡಾವಣೆಗೆ ಅಂಟಿಕೊಂಡ ಮಡಿವಾಳ ಕೆರೆ, ಬನಶಂಕರಿ ಆರನೇ ಹಂತದ ಬದಿಯ ತುರಹಳ್ಳಿ ಕಾಡು, ಬನ್ನೇರುಘಟ್ಟ ರಸ್ತೆ ಹಿಡಿದು ಹೋದರೆ ಸಿಗುವ ರಾಷ್ಟ್ರೀಯ ಉದ್ಯಾನ. ದಕ್ಷಿಣ ಬೆಂಗಳೂರಿನಲ್ಲಿ ಕಾಡುಜೀವಿಗಳಿಗೆ ಉಳಿದಿರುವ ಕೆಲವೇ ನೆಲೆಗಳಲ್ಲಿ ಇವು ಸೇರಿವೆ. ಇವನ್ನು ಅರಣ್ಯ ಇಲಾಖೆಯೊಂದೇ ಕಾಯಲಾರದು, ಅಷ್ಟು ಸಿಬ್ಬಂದಿ ಅದಕ್ಕಿಲ್ಲ. ಬಡಾವಣೆಯ ಜನರಷ್ಟೇ ಕಾಯಲಾರರು, ಅವರಿಗೆ ಅಧಿಕಾರವಿಲ್ಲ. ಹಾಗಾಗಿಯೇ ಇಬ್ಬರ ನಡುವೆ ಒಡಂಬಡಿಕೆಗಳು ಬೇಕಾಗುತ್ತವೆ.

ಸಹಿ ಬಿದ್ದ ದಿನ ಎಲ್ಲರೂ ಫೋಟೊಗೆ ನಿಲ್ಲುತ್ತಾರೆ. ಆದರೆ ಮೂರನೇ ವರ್ಷಕ್ಕೂ ಆ ಕಾಗದಕ್ಕೆ ಜೀವ ಇರಬೇಕಾದರೆ ಇಲಾಖೆ ತನ್ನ ಪಾಲಿನ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡಿರಬೇಕು. ಕರ್ನಾಟಕದಲ್ಲಿ ಗೆದ್ದ ಪ್ರಯತ್ನಗಳನ್ನೂ ಕುಂಟಿದ ಪ್ರಯತ್ನಗಳನ್ನೂ ನೋಡಿ ಈ ಸೂತ್ರಗಳನ್ನು ಬರೆದಿದ್ದೇನೆ.

1. ಮೊದಲು ಕೇಳಿ, ಆಮೇಲೆ ನಕ್ಷೆ ಬರೆಯಿರಿ

2021ರ ಆರಂಭದಲ್ಲಿ ತುರಹಳ್ಳಿ ಕಾಡಿನಲ್ಲಿ ಟ್ರೀ ಪಾರ್ಕ್ ಮಾಡುವ ಯೋಜನೆ ಬಂತು. ಸುತ್ತಲಿನ ಜನ ಬೀದಿಗಿಳಿದರು. ಕುರುಚಲು ಕಾಡು ಕುರುಚಲು ಕಾಡಾಗಿಯೇ ಇರಲಿ, ಕಲ್ಲುಹಾಸು, ಕಮಾನು ಬೇಡ ಎಂದರು. ಯೋಜನೆ ನಿಂತಿತು. ಬಂಡೆ, ಪೊದೆ, ಹುಲ್ಲು ಇರುವ ಅಂಥ ಜಾಗ ನೋಡಲು ಬೋಳಾಗಿ ಕಂಡರೂ ನವಿಲಿಗೆ, ಹಾವಿಗೆ, ಓತಿಕ್ಯಾತಕ್ಕೆ ಬೇಕಾದದ್ದು ಅದೇ. ಇದು ಅಲ್ಲಿ ದಿನಾ ಬೆಳಿಗ್ಗೆ ನಡೆಯುವವರಿಗೆ ಗೊತ್ತಿತ್ತು. ಅವರನ್ನು ಮೊದಲೇ ಕೂರಿಸಿ ಕೇಳಿದ್ದರೆ ಆ ಜಗಳವೇ ಇರುತ್ತಿರಲಿಲ್ಲ, ಆ ಕಾಳಜಿ ಇಲಾಖೆಯ ಕೈ ಬಲಪಡಿಸುತ್ತಿತ್ತು.

2. ನಿಮ್ಮಿಂದ ಮಾತ್ರ ಆಗುವ ಕೆಲಸವನ್ನು ಕಾಗದದಲ್ಲಿ ಮೊದಲು ಬರೆಯಿರಿ

ಒಡಂಬಡಿಕೆ ತೆರೆದರೆ ಸಾಮಾನ್ಯವಾಗಿ ಕಾಣುವುದು ಜನರ ಕೆಲಸಗಳ ಪಟ್ಟಿ: ಕಸ ತೆಗೆಯಬೇಕು, ಗಿಡ ನೆಡಬೇಕು, ಕಾವಲುಗಾರನ ಸಂಬಳ ಕೊಡಬೇಕು. ಇಲಾಖೆಯ ಪಾಲಿಗೆ ಬಂದರೆ ‘ಅಗತ್ಯ ಸಹಕಾರ ನೀಡುವುದು’ ಎಂಬ ಒಂದು ಸಾಲು. ಅಷ್ಟು ಸಾಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೊದಲ ಅನುಸೂಚಿಯ ಪ್ರಾಣಿಯನ್ನು ಹಿಡಿಯಲು ಅನುಮತಿ ಕೊಡಬಲ್ಲವರು ಮುಖ್ಯ ವನ್ಯಜೀವಿ ಪರಿಪಾಲಕರು ಮಾತ್ರ. ಕಾಡುಪ್ರಾಣಿ ಸರ್ಕಾರದ ಸ್ವತ್ತು, ಕೈಗೆ ಸಿಕ್ಕರೆ 48 ಗಂಟೆಯೊಳಗೆ ತಿಳಿಸಬೇಕು ಎನ್ನುತ್ತದೆ ಅದರ 39ನೇ ಕಲಂ. ಅಂದರೆ ಒಳ್ಳೆಯ ಮನಸ್ಸಿನಿಂದ ಗಾಯಗೊಂಡ ಗೂಬೆಯನ್ನು ಮನೆಗೆ ತಂದಿಟ್ಟುಕೊಂಡ ಜಯನಗರದ ಹುಡುಗ ಕಾನೂನಿನ ಕಣ್ಣಿಗೆ ತಪ್ಪಿತಸ್ಥನಾಗಬಹುದು. ಅವನನ್ನು ಆ ಇಕ್ಕಟ್ಟಿಗೆ ಸಿಕ್ಕಿಸದಿರುವುದು ಇಲಾಖೆಯ ಕೆಲಸ. ಅನುಮತಿ, ರಕ್ಷಣೆ, ಪಶುವೈದ್ಯರು, ಒತ್ತುವರಿ ಮತ್ತು ಬೇಟೆಯ ಮೇಲೆ ಕೇಸು, ಪರಿಹಾರ ಹಣ. ಈ ಐದನ್ನೂ ಯಾರು, ಎಷ್ಟು ದಿನದೊಳಗೆ ಮಾಡುತ್ತಾರೆ ಎಂದು ಬರೆಯದ ಒಡಂಬಡಿಕೆಗೆ ಸಹಿ ಹಾಕಬೇಡಿ, ಹಾಕಿಸಿಕೊಳ್ಳಲೂ ಬೇಡಿ.

3. ಹಣ ಹಂಗಾಮಿಗೆ ಮೊದಲೇ ಕೈ ಸೇರಲಿ

ಇದಕ್ಕೆ ನಮ್ಮ ನಾಡಿನಲ್ಲಿ ಕೊಕ್ಕರೆ ಬೆಳ್ಳೂರಿಗಿಂತ ದೊಡ್ಡ ಪಾಠಶಾಲೆ ಇಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕು, ಶಿಂಷಾ ಹೊಳೆಯ ಹತ್ತಿರದ ಊರು. ಚಳಿಗಾಲ ಬಂತೆಂದರೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಮರಗಳಿಗೇ ಬಂದು ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಊರವರು ಅವನ್ನು ಕರೆಯುತ್ತಾರೆ. ಹೆಜ್ಜಾರ್ಲೆ ಜಗತ್ತಿನ ಲೆಕ್ಕದಲ್ಲಿ ಅಪಾಯದ ಅಂಚಿಗೆ ಬಂದಿರುವ ಹಕ್ಕಿ. ಅದೇ ಜಾತಿಯ ಹಕ್ಕಿ ನಮ್ಮ ಮಡಿವಾಳ ಕೆರೆಯಲ್ಲೂ ಮೀನಿಗೆ ಕೊಕ್ಕು ಅದ್ದುತ್ತಿರುತ್ತದೆ.

ಈ ಪ್ರೀತಿಯ ಹಿಂದೆ ಖರ್ಚೂ ಇದೆ. ಗೂಡು ಕಟ್ಟುವ ಮರಗಳಲ್ಲಿ ಹುಣಸೆಯೇ ಹೆಚ್ಚು. ಹುಣಸೆ ಹಣ್ಣಾಗುವುದೂ ಮರಿಗಳು ಬಲಿಯುವುದೂ ಒಂದೇ ಕಾಲ. ಹಿಕ್ಕೆ ಬಿದ್ದು ಕಾಯಿ ಕೆಡುತ್ತದೆ, ಮರ ಹತ್ತಿ ಬಡಿಯುವಂತಿಲ್ಲ, ಆ ವರ್ಷದ ಹುಣಸೆ ದುಡ್ಡು ಹೋಯಿತು. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು 1976ರಲ್ಲಿ ಈ ಊರನ್ನು ಹೊರಜಗತ್ತಿಗೆ ಪರಿಚಯಿಸಿದರು. ಬೆಳ್ಳೂರಿನಲ್ಲಿ ಗೂಡಿರುವ ಮರಗಳ ಮಾಲೀಕರಿಗೆ ಇಲಾಖೆ ಪರಿಹಾರ ಕೊಡುವ ಪದ್ಧತಿ ಹುಟ್ಟಿದ್ದು ಆಮೇಲೆ, ಈ ನಷ್ಟ ತುಂಬಲೆಂದು. ಮರ ರೈತನದು, ಹಕ್ಕಿ ನಾಡಿನದು, ನಷ್ಟ ಇಲಾಖೆಯದು ಎಂಬ ಸರಳ ಲೆಕ್ಕ. ದೇಶದಲ್ಲಿ ಇಂಥ ಮಾತುಗಳು ಫ್ಯಾಷನ್ ಆಗುವ ಎಷ್ಟೋ ಮೊದಲೇ ನಮ್ಮವರು ಮಾಡಿ ತೋರಿಸಿದ್ದರು ಎಂಬುದು ನನಗೆ ಹೆಮ್ಮೆಯ ಸಂಗತಿ.

ಆದರೆ ಪರಿಹಾರ ಹುಣಸೆಯ ಮಾರುಕಟ್ಟೆ ದರದ ಹಿಂದೆಯೇ ನಡೆಯಬೇಕು. ದರ ಏರಿದರೂ ಹಳೆಯ ಮೊತ್ತವೇ ಮುಂದುವರಿದರೆ, ಅದೂ ಹಂಗಾಮು ಕಳೆದ ಮೇಲೆ ಬಂದರೆ, ಮಗಳ ಮದುವೆಗೋ ಸಾಲಕ್ಕೋ ಮರ ಕೊಡಲಿಗೆ ಹೋಗುತ್ತದೆ. ಅದರ ಜೊತೆಗೆ ಗೂಡೂ ಹೋಗುತ್ತದೆ. ಕಾಡಂಚಿನ ಬೆಳೆನಷ್ಟಕ್ಕೂ ಇದೇ ಮಾತು. ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆ 2015ರಲ್ಲಿ ಬಂಡೀಪುರ, ನಾಗರಹೊಳೆ ಸುತ್ತ ‘ವೈಲ್ಡ್‌ಸೇವೆ’ ಆರಂಭಿಸಿತು. ರೈತ ಫೋನ್ ಮಾಡಿದರೆ ಸಿಬ್ಬಂದಿ ಹೊಲಕ್ಕೇ ಬಂದು ಫೋಟೊ, ಅಳತೆ, ಅರ್ಜಿ ಎಲ್ಲಕ್ಕೂ ನೆರವಾಗುತ್ತಾರೆ. ಅಂದರೆ ಜನ ಸೋಲುತ್ತಿದ್ದದ್ದು ಕಾಗದಪತ್ರದ ಮುಂದೆ. ಆನೆ ತುಳಿದ ರಾಗಿಗೆ ದುಡ್ಡು ಬರುವ ಹೊತ್ತಿಗೆ ಮುಂದಿನ ರಾಗಿಯೂ ಕಟಾವಿಗೆ ಬಂದಿದ್ದರೆ ಆ ರೈತನಿಗೆ ಇಲಾಖೆಯ ಮೇಲೆ ನಂಬಿಕೆ ಹೇಗೆ ಉಳಿದೀತು?

4. ಬಿದ್ದ ಮರಿಯನ್ನು ಎತ್ತುವವರ ಬೆನ್ನಿಗೆ ನಿಲ್ಲಿ

ಹೆಜ್ಜಾರ್ಲೆ ಮರಿ ಗೂಡಿನಿಂದ ಜಾರಿ ನೆಲಕ್ಕೆ ಬಿದ್ದರೆ ತಾಯಿ ಕೆಳಗಿಳಿದು ಬಂದು ಮತ್ತೆ ಗೂಡು ಸೇರಿಸುವುದಿಲ್ಲ. ನಾಯಿಗೆ ತುತ್ತು, ಇಲ್ಲವೇ ಹಸಿವಿಗೆ. ಕೊಕ್ಕರೆ ಬೆಳ್ಳೂರಿನ ಯುವಕರು ಕಟ್ಟಿಕೊಂಡ ‘ಹೆಜ್ಜಾರ್ಲೆ ಬಳಗ’ ಇಂಥ ಮರಿಗಳನ್ನು ಬೇಲಿ ಹಾಕಿದ ಆವರಣದಲ್ಲಿಟ್ಟು, ಮೀನು ತಿನ್ನಿಸಿ, ಹಾರುವಷ್ಟಾದ ಮೇಲೆ ಬಿಡುತ್ತ ಬಂದಿದೆ. ಈ ಕೆಲಸಕ್ಕೆ ಡಿಗ್ರಿ ಬೇಡ, ತಾಳ್ಮೆ ಬೇಕು, ದಿನಾ ಮೀನು ಬೇಕು. ಇಲಾಖೆ ಕೊಡಬೇಕಾದದ್ದು ಅಧಿಕೃತ ಅನುಮತಿ, ಮೀನಿನ ಖರ್ಚು, ಕರೆದರೆ ಬರುವ ಪಶುವೈದ್ಯ.

2017ರ ಕೊನೆ ಮತ್ತು 2018ರಲ್ಲಿ ಅಲ್ಲಿ ಹೆಜ್ಜಾರ್ಲೆಗಳು ಸಾಲುಸಾಲಾಗಿ ಸತ್ತವು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ಜಂತುಹುಳುಗಳು ಸಿಕ್ಕವು, ಮೀನಿನ ಮೂಲಕ ಬಂದವು. ಸತ್ತ ಹಕ್ಕಿಯನ್ನು ಮೊದಲು ಕಂಡವರು ಊರವರು, ಕಾರಣ ಕಂಡುಹಿಡಿಯಬಲ್ಲದ್ದು ಪ್ರಯೋಗಾಲಯ. ಇವೆರಡರ ನಡುವೆ ಎಷ್ಟು ದಿನ ಹಾಳಾಗುತ್ತದೆ ಎಂಬುದೇ ಒಪ್ಪಂದದ ನಿಜವಾದ ಪರೀಕ್ಷೆ. ನಮ್ಮ ಕೆರೆಗಳಲ್ಲಿ ಮೀನು ತೇಲಿದಾಗಲೂ ಇದೇ ಅನ್ವಯ.

5. ಪ್ರಾಣಿಯನ್ನು ಬಿಡಿಸಿದರೆ ಸಾಲದು, ಅದನ್ನು ನಂಬಿದವರಿಗೂ ದಾರಿ ತೋರಿಸಿ

ನಮ್ಮ ಬನ್ನೇರುಘಟ್ಟದಲ್ಲೇ ಇದಕ್ಕೆ ಸಾಕ್ಷಿಯಿದೆ. ಕರಡಿ ಕುಣಿಸುವುದು 1972ರಲ್ಲೇ ಅಪರಾಧವಾಯಿತು. ಆದರೂ ಖಲಂದರ ಸಮುದಾಯದವರು ಮೂರು ದಶಕ ಮೀರಿ ಊರೂರು ತಿರುಗಿ ಕರಡಿ ಕುಣಿಸಿದರು, ಯಾಕೆಂದರೆ ಅವರಿಗೆ ಗೊತ್ತಿದ್ದ ಬದುಕು ಅದೊಂದೇ. ಕಾನೂನು ಅವರನ್ನು ಹೆದರಿಸಿತು, ಬೇರೆ ಕಸುಬು ಕೊಡಲಿಲ್ಲ. ವೈಲ್ಡ್‌ಲೈಫ್ ಎಸ್‌ಓಎಸ್ ಸಂಸ್ಥೆ ಅರಣ್ಯ ಇಲಾಖೆಗಳ ಜೊತೆ ಸೇರಿ ಬೇರೆ ದಾರಿ ಹಿಡಿಯಿತು: ಕರಡಿಯನ್ನು ಒಪ್ಪಿಸಿ, ಮತ್ತೆ ಈ ಕಸುಬಿಗೆ ಬರುವುದಿಲ್ಲ ಎಂದು ಬರೆದುಕೊಡಿ, ಬದಲಿಗೆ ಆಟೊ, ಅಂಗಡಿ, ಸಣ್ಣ ವ್ಯಾಪಾರಕ್ಕೆ ಬಂಡವಾಳ, ಮಕ್ಕಳಿಗೆ ಶಾಲೆ. ಬನ್ನೇರುಘಟ್ಟದ ಕರಡಿ ಪುನರ್ವಸತಿ ಕೇಂದ್ರ 2005ರಲ್ಲಿ ಆರಂಭವಾಯಿತು. 2009ರ ಡಿಸೆಂಬರಿನಲ್ಲಿ ದೇಶದ ಕೊನೆಯ ಕುಣಿಯುವ ಕರಡಿ ಎಂದು ದಾಖಲಾದ ‘ರಾಜು’ ಬಂದು ಸೇರಿದ್ದು ಇಲ್ಲಿಗೇ.

ಇಂಥ ಕರಡಿಗಳ ಮೂತಿಯನ್ನು ಹತ್ತಿರದಿಂದ ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಮರಿಯಾಗಿದ್ದಾಗಲೇ ಮೂತಿಗೆ ಕಾಯಿಸಿದ ಕಬ್ಬಿಣದಿಂದ ತೂತು ಕೊರೆದು ಹಗ್ಗ ಪೋಣಿಸಿರುತ್ತಾರೆ, ಕೋರೆಹಲ್ಲು ಮುರಿದಿರುತ್ತಾರೆ. ಅಂಥ ಪ್ರಾಣಿ ಮತ್ತೆ ಕಾಡಿಗೆ ಹೋಗಲಾರದು. ಗೆದ್ದಲು ಅಗೆದು ತಿನ್ನುವುದನ್ನೇ ಕಲಿತಿರುವುದಿಲ್ಲ. ಸಾಯುವತನಕ ಅದನ್ನು ಸಾಕಬೇಕು. ಹಾಗಾಗಿ ರಕ್ಷಣೆಯ ಒಪ್ಪಂದಕ್ಕೆ ಸಹಿ ಹಾಕುವ ಇಲಾಖೆ ಇಪ್ಪತ್ತು ವರ್ಷದ ಊಟ, ಔಷಧಿ, ಜಾಗಕ್ಕೂ ಸಹಿ ಹಾಕುತ್ತಿದೆ ಎಂದೇ ತಿಳಿಯಬೇಕು.

6. ಮಾಲೀಕನ ಭಯ ತೆಗೆಯಿರಿ

ಅಪರೂಪದ ಪ್ರಾಣಿ ತನ್ನ ಜಮೀನಿನಲ್ಲಿ ಕಂಡರೆ ಮಾಲೀಕನಿಗೆ ಮೊದಲು ಬರುವುದು ಸಂತೋಷವಲ್ಲ, ಇನ್ನು ಇಲ್ಲಿ ಏನೂ ಮಾಡಲು ಬಿಡುವುದಿಲ್ಲ ಎಂಬ ಅಂಜಿಕೆ. ಅಮೆರಿಕದಲ್ಲಿ ಇದೇ ಭಯದಿಂದ, ಒಂದು ಜಾತಿಯ ಮರಕುಟಿಗ ಗೂಡು ಮಾಡುವ ಮೊದಲೇ ಕೆಲವು ಮಾಲೀಕರು ಪೈನ್ ಮರಗಳನ್ನು ಕಡಿಯುತ್ತಿದ್ದರು. 1995ರಲ್ಲಿ ನಾರ್ತ್ ಕೆರೊಲೈನಾದಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ವನ್ಯಜೀವಿ ಇಲಾಖೆ ಹೊಸ ಬಗೆಯ ಒಪ್ಪಂದ ತಂದಿತು. ಇವತ್ತು ಎಷ್ಟು ಹಕ್ಕಿಗಳಿವೆ ಎಂದು ಎಣಿಸಿ ಬರೆದುಕೊಳ್ಳುತ್ತೇವೆ, ನಿಮ್ಮ ಆರೈಕೆಯಿಂದ ಅದು ಹೆಚ್ಚಿದರೆ ಅದಕ್ಕಾಗಿ ನಿಮ್ಮ ಮೇಲೆ ಹೊಸ ನಿರ್ಬಂಧ ಹೇರುವುದಿಲ್ಲ ಎಂಬ ಭರವಸೆ. ಮಾಲೀಕರು ಮುಂದೆ ಬಂದರು.

ನಮ್ಮಲ್ಲೂ ಕಾನೂನು ಬಾಗಿಲು ತೆರೆದಿದೆ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿ ಖಾಸಗಿ ಮತ್ತು ಸಮುದಾಯದ ಜಮೀನಿನಲ್ಲಿ, ಜನ ತಾವಾಗಿ ಮುಂದೆ ಬಂದರೆ, ಸಮುದಾಯ ಮೀಸಲು ಘೋಷಿಸಲು ಅವಕಾಶ ಕೊಟ್ಟಿತು. ಆಗಿನ ನಿಯಮದಂತೆ ಅದರ ಸಮಿತಿಗೆ ಗ್ರಾಮ ಪಂಚಾಯಿತಿ ಹೆಸರಿಸಿದ ಐವರು, ಅರಣ್ಯ ಇಲಾಖೆಯಿಂದ ಒಬ್ಬರು. ಆರು ಕುರ್ಚಿಗಳಲ್ಲಿ ಇಲಾಖೆಗೆ ಒಂದೇ. ಕೊಕ್ಕರೆ ಬೆಳ್ಳೂರು 2007ರಲ್ಲಿ ಸಮುದಾಯ ಮೀಸಲಾಯಿತು. ಆ ಒಂದು ಕುರ್ಚಿಯಲ್ಲಿ ಕೂರುವ ಅಧಿಕಾರಿ ಅಪ್ಪಣೆ ಕೊಡುವವರಂತೆ ಕೂತರೆ ಉಳಿದವರು ಮುಂದಿನ ಸಭೆಗೆ ಬರುವುದಿಲ್ಲ.

7. ಎಣಿಸಿ, ಬರೆದಿಡಿ, ಎಲ್ಲರಿಗೂ ತೋರಿಸಿ

ಲೆಕ್ಕವಿಲ್ಲದ ಸಂರಕ್ಷಣೆ ಬರೀ ಮಾತು. ಬೆಂಗಳೂರಿನ ಹಳೆಯ ಮರಗಳ ನಡುವೆ ಉಳಿದಿರುವ ಕಾಡುಪಾಪಗಳನ್ನು ಹುಡುಕಲು ಸ್ವಯಂಸೇವಕರು ರಾತ್ರಿ ಟಾರ್ಚ್ ಹಿಡಿದು ನಡೆದಿದ್ದಾರೆ. ಬೆಳಕು ಬಿದ್ದಾಗ ಕಿತ್ತಳೆ ಬಣ್ಣದಲ್ಲಿ ಮಿನುಗುವ ಎರಡು ಕಣ್ಣು, ಅಷ್ಟೇ ಸಾಕ್ಷಿ. ಈ ಮಾಹಿತಿ ಮರ ಕಡಿಯುವ ಅರ್ಜಿ ಬಂದಾಗ ಅಧಿಕಾರಿಯ ಮೇಜಿನ ಮೇಲಿರಬೇಕು. ಪ್ರಾಣಿ ಎಲ್ಲಿದೆ ಎಂದು ಗೊತ್ತಿದ್ದರೆ ತಾನೇ ಅದಕ್ಕೆ ಜಾಗ ಮೀಸಲಿಡಲು ಸಾಧ್ಯ: ತಮಿಳುನಾಡು 2022ರಲ್ಲಿ ಕರೂರು, ದಿಂಡಿಗಲ್ ಜಿಲ್ಲೆಗಳ 11,806 ಹೆಕ್ಟೇರನ್ನು ಕಾಡುಪಾಪದ ಧಾಮವೆಂದು ಘೋಷಿಸಿತು. ಗೂಡು, ಬಿಲ ಇರುವ ನಿಖರ ಜಾಗವನ್ನು ಮಾತ್ರ ಬಹಿರಂಗ ಮಾಡಬೇಡಿ, ಕಳ್ಳರೂ ಓದುತ್ತಾರೆ.

8. ಅಧಿಕಾರಿ ಬದಲಾದರೂ, ಕಚೇರಿಯೇ ಬದಲಾದರೂ ಒಪ್ಪಂದ ಬದುಕಿರಲಿ

ವಲಯ ಅರಣ್ಯಾಧಿಕಾರಿ (ಆರ್‌ಎಫ್‌ಓ) ವರ್ಗವಾದರೆ ಸಂಬಂಧವೂ ವರ್ಗವಾಗುತ್ತದೆ, ಇದು ಎಲ್ಲ ಕೆರೆ ಗುಂಪಿನವರ ದೂರು. ಹೊಸಬರಿಗೆ ಕಡತ ಒಪ್ಪಿಸುವಾಗ ಗುಂಪಿನವರನ್ನೂ ಕರೆದು ಪರಿಚಯಿಸುವ ಪದ್ಧತಿ ಬರಲಿ, ಅರ್ಧ ಗಂಟೆಯ ಕೆಲಸ.

ಕಚೇರಿಯೇ ಬದಲಾಗುವುದೂ ಉಂಟು. ಜೆ.ಪಿ. ನಗರ ಏಳನೇ ಹಂತದ ಪುಟ್ಟೇನಹಳ್ಳಿ ಕೆರೆಯನ್ನು ನೋಡಿ. ನೆರೆಹೊರೆಯವರು 2010ರಲ್ಲಿ ಟ್ರಸ್ಟ್ ಕಟ್ಟಿದರು, 2011ರಲ್ಲಿ ಬಿಬಿಎಂಪಿ ಜೊತೆ ಒಡಂಬಡಿಕೆ ಮಾಡಿಕೊಂಡರು. ಬತ್ತಿದ್ದ ಕೆರೆಗೆ ನೀರು ಬಂತು, ಪಕ್ಕದ ಅಪಾರ್ಟ್‌ಮೆಂಟಿನ ಸಂಸ್ಕರಿಸಿದ ನೀರೂ ಸೇರಿತು, ಜೊಂಡಿನ ನಡುವೆ ನೇರಳೆ ಜಂಬುಕೋಳಿ ಮರಿ ಮಾಡಿತು. ಮುಂದೆ 2020ರಲ್ಲಿ ಖಾಸಗಿ ಸಂಸ್ಥೆಗಳ ಜೊತೆಗಿನ ಕೆರೆ ಒಡಂಬಡಿಕೆಗಳಿಗೆ ಹೈಕೋರ್ಟಿನ ಮಧ್ಯಂತರ ತಡೆ ಬಂತು. ಕೆರೆ ಸಾರ್ವಜನಿಕರ ಸ್ವತ್ತು, ಹಣವಂತರ ಕೈಗೆ ಹೋಗಬಾರದು ಎಂಬ ಕಾಳಜಿ ಸರಿಯಾದದ್ದೇ. ಆದರೆ ಅದರ ಬಿಸಿ ನಾಗರಿಕರ ಗುಂಪುಗಳಿಗೂ ತಟ್ಟಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು. ಹಳೆಯ ಸಹಿಯ ಹೊಣೆ ಯಾರದು? ಈ ಪ್ರಶ್ನೆಗೆ ಉತ್ತರವನ್ನು ಒಪ್ಪಂದದಲ್ಲೇ ಬರೆದಿಡಬೇಕು: ಉತ್ತರಾಧಿಕಾರಿ ಸಂಸ್ಥೆಗೂ ಇದು ಅನ್ವಯ, ಕೆರೆಯ ಒಡೆತನ ಸರ್ಕಾರದ್ದೇ, ಪ್ರವೇಶ ಎಲ್ಲರಿಗೂ ಮುಕ್ತ.

ಇದೇ ಹೆಸರಿನ ಇನ್ನೊಂದು ಕೆರೆ ಯಲಹಂಕದಲ್ಲಿದೆ. ಅದು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲಾಗಿ ವನ್ಯಜೀವಿ ಕಾಯ್ದೆಯ ನೆರಳಿಗೆ ಬಂತು. ನಮ್ಮ ಪುಟ್ಟೇನಹಳ್ಳಿಯ ಜಂಬುಕೋಳಿ ಅಂಥ ಮೀಸಲಿನ ನೆರಳಿಲ್ಲದೆ ಬರೀ ಜನರ ನಿಷ್ಠೆಯ ಮೇಲೆ ಬದುಕಿದೆ. ಅರಣ್ಯ ಇಲಾಖೆ ದಕ್ಷಿಣದ ಕೆರೆಗಳ ವಿಷಯದಲ್ಲೂ ಮೇಜಿಗೆ ಬಂದು ಕೂರಬೇಕು.

ಜೆ.ಪಿ. ನಗರ, ಬಿಟಿಎಂ, ಬನಶಂಕರಿಯಲ್ಲಿ ಕೆರೆ ಅಥವಾ ಕಾಡಿನ ಗುಂಪಿನಲ್ಲಿರುವವರಿಗೆ ಒಂದು ವಿನಂತಿ. ನಿಮ್ಮ ಒಡಂಬಡಿಕೆಯ ಪ್ರತಿ ತೆಗೆದು ಇಲಾಖೆಯ ಪಾಲಿನ ಸಾಲುಗಳಿಗೆ ಗೆರೆ ಎಳೆಯಿರಿ. ಗೆರೆ ಎಳೆಯಲು ಸಾಲೇ ಇಲ್ಲದಿದ್ದರೆ ನವೀಕರಣಕ್ಕೆ ಮುನ್ನ ಅವನ್ನು ಸೇರಿಸಿ ಎಂದು ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ.